ಟೀಚರಮ್ಮನ ಮೊದಲ ತಪ್ಪು

ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಗಣಿತದ ಟೀಚರಿಗೆ ಇಟ್ಟಿದ್ದ ಅಡ್ಡಹೆಸರು ಮಿಷನ್ನು. ಬೋರ್ಡಿನ ಮುಂದೆ ನಿಂತರೆ ಸಾಕು, ಉತ್ತರ ಸರಸರನೆ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಒಂದು ಅಂಕಿಯನ್ನು ಹೊಡೆದು ಹಾಕಿದ್ದನ್ನು ಕಂಡವರಿಲ್ಲ. ಗುಟ್ಟೇನೆಂದರೆ, ಪ್ರತಿ ಲೆಕ್ಕವನ್ನೂ ಮನೆಯಲ್ಲಿ ಮೂರು ಮೂರು ಸಲ ಮಾಡಿ, ಬಾಯಿಪಾಠ ಮಾಡಿಕೊಂಡೇ ಆಕೆ ಬರುತ್ತಿದ್ದದ್ದು. ಪಾಪ, ಗಂಡನೂ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಾಳೆಂದೇ ನಂಬಿದ್ದ.

ಕಾರಣವಿತ್ತು. ಹತ್ತು ವರ್ಷದವಳಿದ್ದಾಗ ಬೋರ್ಡಿನ ಮೇಲೆ ಭಾಗಾಕಾರ ತಪ್ಪಿದ್ದಕ್ಕೆ ಮೇಷ್ಟ್ರು ಅವಳನ್ನು ಅದರ ಪಕ್ಕದಲ್ಲೇ ನಿಲ್ಲಿಸಿ, "ಎಲ್ಲರೂ ನಗಿ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವೆಂದು ಅವಳಿಗೆ ಆವತ್ತೇ ಮನದಟ್ಟಾಗಿತ್ತು.

ಒಂದು ಸೋಮವಾರ ಆ ತರಗತಿಯ ಹುಡುಗಿಯೊಬ್ಬಳು, ಊರ ದರ್ಜಿಯ ಮಗಳು, ಸ್ಟಾಫ್ ರೂಮಿಗೆ ಬಂದು ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು. ಆ ಶಾಲೆಯಲ್ಲಿ ಮುಂದಿನ ವರ್ಷದಿಂದ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬಹುದಿತ್ತು; ಅದರ ಅರ್ಜಿ ಅದು. ಟೀಚರು ಸಹಿ ಹಾಕಿದರೆ ಮುಗಿಯಿತು, ಮತ್ತೆ ಗಣಿತಕ್ಕೆ ಮರಳುವಂತಿರಲಿಲ್ಲ.

"ಯಾಕಮ್ಮ? ನೀನೇನು ದಡ್ಡಿ ಅಲ್ವಲ್ಲ."

"ನೀವು ನೋಡಿದ ತಕ್ಷಣ ಮಾಡಿಬಿಡ್ತೀರ, ಟೀಚರ್. ನಾನು ಒಂದು ಲೆಕ್ಕಕ್ಕೆ ಹತ್ತು ಸಲ ಹೊಡೆದು ಹಾಕ್ತೀನಿ. ಲೆಕ್ಕ ಬರೋರಿಗೆ ಹೀಗಾಗಲ್ಲ ಅಲ್ವಾ? ಈಗೀಗ ಬೋರ್ಡ್ ನೋಡಿದ್ರೇ ಕೈ ಬೆವರುತ್ತೆ."

ಟೀಚರಿಗೆ ತನ್ನ ಹತ್ತನೇ ವರ್ಷದ ಆ ದಿನ ನೆನಪಾಯಿತು. ಆ ಮೇಷ್ಟ್ರು ಮಾನ ಕಳೆದು ಹೆದರಿಸಿದ್ದರು. ತಾನು ಒಂದು ಬೈಗುಳವೂ ಇಲ್ಲದೆ ಅದೇ ಘನಕಾರ್ಯ ಮಾಡಿದ್ದಳು. ಮೊದಲು ನಾಚಿಕೆಯಾಯಿತು, ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು.

"ನಾಳೆ ಕ್ಲಾಸ್ ಮುಗಿದ ಮೇಲೆ ಇದನ್ನ ತಗೊಂಡು ಬಾ, ಸಹಿ ಹಾಕ್ತೀನಿ" ಎಂದಳು.

ಆ ಸಂಜೆ ಪುಸ್ತಕ ತೆರೆಯಲು ಕೈ ತುರಿಸುತ್ತಿತ್ತು. ತೆರೆಯಲಿಲ್ಲ.

ಮರುದಿನ ತರಗತಿಯಲ್ಲಿ ಹೇಳಿಯೇಬಿಟ್ಟಳು. "ನಾನು ದಿನಾ ಲೆಕ್ಕಗಳನ್ನ ಮನೇಲಿ ಮಾಡ್ಕೊಂಡು ಬರ್ತೀನಿ. ಇವತ್ತು ಮಾಡಿಲ್ಲ. ಯಾರಾದ್ರೂ ಒಂದು ಕಷ್ಟದ್ದು ಕೊಡಿ."

ಮೊದಲ ಬೆಂಚಿನ ಪಂಡಿತ ಇಂಥದಕ್ಕೇ ಕಾದಿದ್ದ. "ಒಂದು ನಲ್ಲಿ ತೊಟ್ಟೀನ ಆರು ಗಂಟೇಲಿ ತುಂಬುತ್ತೆ, ಇನ್ನೊಂದು ನಾಲ್ಕು ಗಂಟೇಲಿ. ತಳದಲ್ಲಿರೋ ತೂತು ತುಂಬಿದ ತೊಟ್ಟೀನ ಹನ್ನೆರಡು ಗಂಟೇಲಿ ಖಾಲಿ ಮಾಡುತ್ತೆ. ಮೂರೂ ತೆರೆದಿದ್ರೆ ಎಷ್ಟು ಹೊತ್ತು?"

ಟೀಚರು ಬರೆದಳು, ಕೂಡಿಸಿದಳು. ಎರಡು ಗಂಟೆ ಬಂತು. ನಲ್ಲಿಗಳ ಜೊತೆ ತೂತನ್ನೂ ಕೂಡಿಸಿಬಿಟ್ಟಿದ್ದಳು.

ಹಿಂದಿನಿಂದ ದರ್ಜಿಯ ಮಗಳು ಅಳುಕುತ್ತಲೇ ಕೇಳಿದಳು. "ಟೀಚರ್, ತೂತು ಇಲ್ದೆ ಇದ್ರೇನೇ ಎರಡು ಗಂಟೆಗಿಂತ ಜಾಸ್ತಿ ಬೇಕಲ್ವಾ? ತೂತಿದ್ರೆ ಬೇಗ ತುಂಬುತ್ತಾ?"

ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತು. ಟೀಚರಿಗೆ ಕಿವಿ ಬಿಸಿಯಾಯಿತು. ಡಸ್ಟರು ಕೈಗೆಟುಕುವಂತಿತ್ತು, ಬಾಗಿಲು ನಾಲ್ಕೇ ಹೆಜ್ಜೆ. ಆಕೆ ಕಾಲು ಕೀಳಲಿಲ್ಲ. ಉತ್ತರದ ಮೇಲೆ ಉದ್ದಕ್ಕೆ ಗೀಟು ಎಳೆದು, "ನಗೋದು ಮುಗೀತಾ? ಹಾಗಾದ್ರೆ ತೂತನ್ನ ಏನು ಮಾಡೋಣ, ಹೇಳಿ" ಎಂದಳು. ಒಬ್ಬರು ಗುಣಿಸಿ ಅಂದರು, ಇನ್ನೊಬ್ಬರು ಬಿಟ್ಟುಬಿಡಿ ಅಂದರು. ಮೂರು ಸಲ ಹೊಡೆದು ಹಾಕಿದ ಮೇಲೆ ಮೂರು ಗಂಟೆ ಬಂತು.

ಬೆಲ್ಲಾಯಿತು. ದರ್ಜಿಯ ಮಗಳು ಅರ್ಜಿ ತಂದು ಮೇಜಿನ ಮೇಲಿಟ್ಟಳು. ಕೊಟ್ಟ ಮಾತು ಕೊಟ್ಟ ಮಾತೇ. ಮನಸ್ಸಿಲ್ಲದಿದ್ದರೂ ಟೀಚರು ಪೆನ್ನಿನ ಕ್ಯಾಪು ತೆಗೆದಳು.

ಹುಡುಗಿ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಾಳೆ ಲೆಕ್ಕ ನಾನು ಕೊಡ್ತೀನಿ ಟೀಚರ್. ಇವತ್ತೂ ನೀವು ಮನೇಲಿ ಪುಸ್ತಕ ಮುಟ್ಟೋ ಹಾಗಿಲ್ಲ."