ಮುಖದ ಕೆಂಪು, ಬಟ್ಟೆಯ ಕಲೆಯಲ್ಲ

ಮಗಳು ಹೆತ್ತು ಮನೆಗೆ ಬಂದು ಹನ್ನೆರಡು ದಿನವಾಗಿತ್ತು. ಅಜ್ಜಿಯಾದವಳು ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಬಾಗಿಲಲ್ಲಿ ನಿಂತು ಕಣ್ತುಂಬ ನೋಡುವಳು, ಕೆಳಗಿನ ಅಂಗಡಿಗೆ ಇಳಿದು ಹೋಗುವಳು.

ಅವಳದು ಲಾಂಡ್ರಿ ಅಂಗಡಿ. ಬೀದಿಯವರಿಗೆಲ್ಲ ಅವಳು ‘ಕಲೆ ಡಾಕ್ಟರಮ್ಮ’. ಶಾಯಿ, ತುಕ್ಕು, ಎಣ್ಣೆ, ಯಾವುದೂ ಅವಳ ಕೈಗೆ ಸಿಕ್ಕಿ ಉಳಿದದ್ದಿಲ್ಲ. ಅದೇ ಎಡವಟ್ಟಾಯಿತು. ವರ್ಷದ ಹಿಂದೆ ಕೆನ್ನೆ, ಮೂಗು ಕೆಂಪಾಗಿ ಗುಳ್ಳೆ ಎದ್ದಾಗ ಅದನ್ನೂ ಕಲೆಯೆಂದೇ ಬಗೆದು, ಕಾಲರ್ ತಿಕ್ಕುವ ಸೋಪು, ಬ್ರಷ್ಷಿನಿಂದಲೇ ಮುಖ ತಿಕ್ಕಿದಳು. ಉರಿ ಹೆಚ್ಚಿತು. ಯಾರದೋ ಮಾತು ಕೇಳಿ ಡಾಕ್ಟರ ಚೀಟಿಯಿಲ್ಲದೆ ಒಂದು ಕ್ರೀಮು ತಂದು ಹಚ್ಚಿದಳು. ಎರಡು ವಾರ ಮುಖ ತಿಳಿಯಾಯಿತು. ಆಮೇಲೆ ಕೆಂಪು ಇಮ್ಮಡಿಯಾಗಿ ಮರಳಿತು. ಅವಳ ಮುಖಕ್ಕೆ ಹುಳ ಬಿದ್ದಿದೆ ಎಂದು ಗಿರಾಕಿಯೊಬ್ಬಳು ಪಿಸುಗುಟ್ಟಿದ್ದು ಕಿವಿಗೆ ಬಿತ್ತು.

ಮಗುವಿನ ತೂಕ ನೋಡಲು ಬಂದ ನರ್ಸು ಅವಳನ್ನು ಬಾಗಿಲಲ್ಲಿ ಕಂಡಳು.

"ಏನಕ್ಕ, ಮೊಮ್ಮಗಳ ಜೊತೆ ಠೂ ಬಿಟ್ಟಿದ್ದೀರಾ?"

"ನನ್ನ ಮುಖದ ಹುಳ ಅದಕ್ಕೆ ಅಂಟಿದ್ರೆ, ಸಿಸ್ಟರ್? ಎಂತೆಂಥ ಕಲೆ ಬಿಡಿಸಿದ್ದೀನಿ. ಇದು ಬಿಡ್ತಿಲ್ಲ."

"ನಿಮ್ಮ ಕೆನ್ನೆ ಶರ್ಟಿನ ಕಾಲರಾ, ತಿಕ್ಕಿ ತಿಕ್ಕಿ ಬಿಳಿ ಮಾಡೋಕೆ?"

ಆಸ್ಪತ್ರೆಗೆ ಬರಲು ಅವಳು ಒಪ್ಪಲಿಲ್ಲ. ಹುಳ ಇದೆ ಎಂದು ಡಾಕ್ಟರೇ ಹೇಳಿಬಿಟ್ಟರೆ ಮುಖ ಎಲ್ಲಿಡುವುದು? ಇಲ್ಲವೆಂದು ತಾನೂ ಹೇಳುತ್ತಿಲ್ಲ, ನೋಡಿಕೊಂಡೇ ಬರೋಣ ಎಂದು ನರ್ಸು ಅವಳನ್ನು ಹೊರಡಿಸಿದಳು.

ಚರ್ಮದ ಡಾಕ್ಟರು ಗಾಜಿನ ಪಟ್ಟಿಗೆ ಒಂದು ಹನಿ ಅಂಟು ಹಾಕಿ ಅವಳ ಕೆನ್ನೆಗೊತ್ತಿ ತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು ಹೇಳಿದರು. ಮೊದಲು ಬರೀ ಬೆಳಕು. ಆಮೇಲೆ ಗಾಜಿನಂಥ ಉದ್ದನೆಯ ಮೈ, ತಲೆಯ ಹತ್ತಿರ ಮೊಂಡು ಮೊಂಡಾದ ಎಂಟು ಕಾಲು. ಒಂದು ಕಾಲು ನಿಧಾನವಾಗಿ ಅಲುಗಿತು. ಅವಳು ತಟ್ಟನೆ ಹಿಂದೆ ಸರಿದಳು.

ನರ್ಸು ತನ್ನ ನುಣುಪಾದ ಕೆನ್ನೆಯನ್ನೂ ಒಡ್ಡಿದಳು. ಬಹಳ ಹುಡುಕಿದ ಮೇಲೆ ಅಲ್ಲೂ ಒಂದು ಸಿಕ್ಕಿತು.

"ಇದು ನುಸಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ದೊಡ್ಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಮುಖದಲ್ಲೂ ಇರುತ್ತೆ," ಎಂದರು ಡಾಕ್ಟರು. "ಕೂದಲ ಬುಡದಲ್ಲಿ ವಾಸ. ಹುಟ್ಟುವಾಗ ಇರಲ್ಲ. ಆಮೇಲೆ ಹತ್ತಿರದವರು ಕೆನ್ನೆಗೆ ಕೆನ್ನೆ ತಾಗಿಸ್ತಾರಲ್ಲ, ಹಾಗೆ ಬಂದು ಸೇರುತ್ತೆ. ನಿಮಗೂ ಹಾಗೇ ಬಂದಿರೋದು."

ಎಳವೆಯಲ್ಲಿ ಅವಳ ಕೆನ್ನೆಗೆ ಕೆನ್ನೆ ಒತ್ತುತ್ತಿದ್ದ ತಾಯಿ ತೀರಿ ಇಪ್ಪತ್ತು ವರ್ಷವಾಗಿತ್ತು. ಅವಳು ಮೆಲ್ಲಗೆ ಕೆನ್ನೆ ಮುಟ್ಟಿಕೊಂಡಳು.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕೆಲವರಲ್ಲಿ ನುಸಿ ಮಿತಿಮೀರಿ ಹೆಚ್ಚುತ್ತದೆ, ಚರ್ಮ ಕೆರಳುತ್ತದೆ. ಅವಳಿಗೆ ಬಂದಿರುವುದು ರೊಸೇಸಿಯಾ ಎಂಬ ಚರ್ಮದ ಕಾಯಿಲೆ. ನುಸಿಯೊಂದೇ ಕಾರಣವಲ್ಲ, ಬಿಸಿಲು, ಇಸ್ತ್ರಿಪೆಟ್ಟಿಗೆಯ ಝಳವೂ ಅದನ್ನು ಕೆಣಕುತ್ತವೆ. ಇದು ಕೊಳೆಯಿಂದ ಬರುವ ರೋಗವಲ್ಲ; ನುಸಿ ಒಬ್ಬರಿಂದೊಬ್ಬರಿಗೆ ದಾಟಿದರೂ ಈ ರೋಗ ಅಂಟುಜಾಡ್ಯವಲ್ಲ. ಅವಳು ಹಚ್ಚಿದ ಕ್ರೀಮಿನಲ್ಲಿ ಸ್ಟೀರಾಯ್ಡ್ ಇತ್ತು, ಅದು ಕೆಡುಕನ್ನು ಬೆಳೆಸಿತ್ತು. ಅದನ್ನು ಬಿಡುವ ಬಗೆ ತಿಳಿಸಿ, ಬೇರೆ ಮುಲಾಮು ಬರೆದುಕೊಟ್ಟರು.

"ಮಗೂನ ಎತ್ಕೋಬಹುದಾ?" ಅವಳು ಕೇಳಿದ್ದು ಇದೊಂದೇ.

"ಯಾರಮ್ಮ ಬೇಡ ಅಂದಿದ್ದು?" ಎಂದರು ಡಾಕ್ಟರು.

ಕೆಂಪು ಇಳಿಯಲು ಮೂರು ತಿಂಗಳು ಹಿಡಿಯಿತು. ಅವಳು ಅಷ್ಟು ದಿನ ಕಾಯಲಿಲ್ಲ. ಅಂದೇ ಮನೆಗೆ ಬಂದು ಕೈ ತೊಳೆದು ಮಗಳ ಪಕ್ಕ ಕೂತಳು. ಕತ್ತು ಜೋಪಾನ ಅಮ್ಮ ಎನ್ನುತ್ತ ಮಗಳು ಕೂಸನ್ನು ಕೊಟ್ಟಳು. ಉರಿಯುವ ಕೆನ್ನೆಗೆ ಆ ಪುಟ್ಟ ಹಣೆ ತಣ್ಣಗೆ ತಾಗಿತು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ಮುಖದ ಕೆಂಪು, ಉರಿ, ಗುಳ್ಳೆ ವಾರಗಟ್ಟಲೆ ಇಳಿಯದಿದ್ದರೆ ತಿಕ್ಕಬೇಡಿ. ಚೀಟಿಯಿಲ್ಲದ ಕ್ರೀಮು ಹಚ್ಚಬೇಡಿ. ಚರ್ಮದ ವೈದ್ಯರಿಗೆ ತೋರಿಸಿ. ರೊಸೇಸಿಯಾ ಇರುವ ಮುಖ ನಿಮ್ಮದಲ್ಲದೆ ಪಕ್ಕದ ಮನೆಯವರದಾದರೆ, ದೂರ ಸರಿಯಬೇಡಿ; ನಿಮ್ಮ ಮಗುವನ್ನು ಅವರ ಕೈಗೆ ಕೊಡಿ.