ಕೆಂಪು ಚುಕ್ಕಿಯ ಕಿಂಡಿ

ಪುಟ್ಟಸ್ವಾಮಿಯ ಮೊದಲ ಏಟು ಅಶ್ವಥ್‌ನ ಕಿವಿಯ ಮೇಲೆ ಬಿತ್ತು, ಎರಡನೆಯದು ಮೂಗಿನ ಮೇಲೆ. ಮೂರನೆಯದು ಬೀಳುವ ಮೊದಲೇ ಅಶ್ವಥ್ ಕುರ್ಚಿ ಸಮೇತ ಕೆಳಗುರುಳಿದ. ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಹೊಡೆದಿತ್ತು. ಒಳಗೆ ಕೊಲೆಯಾದರೂ ಹೊರಗೆ ಕೇಳಿಸುವುದಿಲ್ಲ. ಅಯ್ಯೋ ಶಿವನೇ, ಸಾಲದೆಂದು ಇನ್ನೊಂದು ಪದರ ಹೊಡೆಸಿದವಳು ನಾನೇ ಅಲ್ಲವೇ ಎಂದು ಅಶ್ವಥ್‌ನ ಹೆಂಡತಿ ಭಾನುಪ್ರಿಯ ತನ್ನನ್ನೇ ಬೈದುಕೊಂಡಳು.

"ನಮ್ಮವ್ವನ ದನಿ ಅಳಿಸ್ಬುಟ್ಟಿದ್ದೀಯ ಕಣ್ಲಾ! ನಾಳೆ ತಿಥಿ. ಉಯ್ಯಂಬಳ್ಳಿ ಹೋಬಳಿಗೆ ಹೋಬಳಿನೇ ಬತ್ತದೆ. ಏನ್ ಕೇಳುಸ್ಲಿ, ನಿನ್ನ ಗೋಳಾ?"

"ಅಳ್ಸಿಲ್ಲ ಗೌಡ್ರೇ, ಒಳಗೇ ಐತೆ," ಎಂದ ಅಶ್ವಥ್, ಮೂಗಿನ ರಕ್ತ ಒರೆಸಿಕೊಳ್ಳುತ್ತ.

"ಇದ್ರೆ ಬಾಯ್ ಬುಡ್ಸು!"

ದನಿ ಒಳಗೇ ಇತ್ತು. ಪುಟ್ಟಸ್ವಾಮಿಯ ತಾಯಿ ಚಿಕ್ಕಲಕ್ಷ್ಮಮ್ಮ ಸೋಬಾನೆ ಪದಕ್ಕೆ ಹೆಸರಾದವಳು. ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಕುಳಿತು ಭಾನುಪ್ರಿಯಳ ಮೈಕಿನ ಮುಂದೆ ಏಳು ಪದ ಹಾಡಿಹೋಗಿದ್ದಳು, ಹತ್ತು ದಿನದ ಹಿಂದೆ ತೀರಿಕೊಂಡಳು. ಏಳನೆಯ ಪದದ ಬಾಲಕ್ಕೆ ಅಜ್ಜಿಯ ಒಂದೆರಡು ಮಾತೂ ಅಂಟಿಕೊಂಡಿದ್ದವು. ಮಗನ ಕಿವಿಗೆ ಬೀಳಬಾರದು, ತೆಗೆದುಹಾಕು ಎಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದಳು. ಇವತ್ತು ತೆಗೆದರಾಯಿತು, ನಾಳೆ ತೆಗೆದರಾಯಿತು ಎಂದು ಭಾನುಪ್ರಿಯ ಹಾಗೇ ಬಿಟ್ಟಿದ್ದಳು. ಈಗ ಸದ್ದು ಬರದಿದ್ದರೆ ಈ ಮನುಷ್ಯ ಗಂಡನನ್ನು ಉಳಿಸುವುದಿಲ್ಲ. ಬಂದರೆ ಆ ಮಾತಿಗೆ ಮುಂಚೆ ನಿಲ್ಲಿಸಬೇಕು.

ಸದ್ದಾದರೂ ಯಾಕೆ ಬರುತ್ತಿಲ್ಲ? ಅವಳ ಕಂಪ್ಯೂಟರಿನಲ್ಲಿ ಹಾಡು ಕೂಡಿಸುವ ಎರಡು ಪ್ರೋಗ್ರಾಂ ಇದ್ದವು. ಹಾಡಿನವರ ದನಿ ದೊಡ್ಡದರಲ್ಲಿ, ತಮಟೆ, ಹಾರ್ಮೋನಿಯಂ ಚಿಕ್ಕದರಲ್ಲಿ. ಎರಡನ್ನೂ ಜೋಡಿಸಿ ನುಡಿಸಬೇಕು. ಆದರೆ ಸ್ಪೀಕರಿಗೆ ಸದ್ದು ಕಳಿಸುವ ಪೆಟ್ಟಿಗೆ ಒಂದೇ, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರೂ ಒಂದೇ. ದೊಡ್ಡದನ್ನು ಮೊದಲು ತೆರೆದರೆ ಚಿಕ್ಕದು ತೆಪ್ಪಗೆ ಅದರ ಹಿಂದೆ ಬರುತ್ತದೆ. ಚಿಕ್ಕದನ್ನು ಮೊದಲು ತೆರೆದಿರೋ, ಅದು ಡ್ರೈವರನ್ನು ಹಿಡಿದು ಕೂರುತ್ತದೆ, ದೊಡ್ಡದು ಮೂಕವಾಗುತ್ತದೆ. ಒಂದೇ ಒರೆಯಲ್ಲಿ ಎರಡು ಕತ್ತಿ ಎಲ್ಲಾದರೂ ನಿಂತಾವೆಯೇ!

ಇಷ್ಟೇ ಆಗಿದ್ದರೆ ಅವಳು ಕಣ್ಣುಮುಚ್ಚಿ ಸರಿಮಾಡುತ್ತಿದ್ದಳು. ಅಶ್ವಥ್ ಮೊದಲು ತೆರೆದಿದ್ದ ಚಿಕ್ಕದನ್ನು ಮುಚ್ಚಿದಳು, ದೊಡ್ಡದನ್ನು ಮೊದಲು ತೆರೆದಳು. ಪೆಟ್ಟಿಗೆಯೇ ಸಿಗುತ್ತಿಲ್ಲ ಎಂದಿತು ಅದು.

"ರೀ, ಪೆಟ್ಟಿಗೆ ವೈರ್ ಏನಾರ ಕಿತ್ತಿದ್ರಾ?"

"ಮೊನ್ನೆ ಆಯುಧ ಪೂಜೆ ದಿನ ಒರಸಕ್ಕೆ ಕಿತ್ತೆ ಕಣೆ. ತಿರ್ಗಾ ಸಿಗಿಸ್ದೆ."

"ಯಾವ ಕಿಂಡಿಗೆ?"

ಅಶ್ವಥ್ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಸ್ವಾಮಿ ಮೈಕಿನ ಕಬ್ಬಿಣದ ಸ್ಟ್ಯಾಂಡನ್ನು ಎತ್ತಿ ಅವನ ಮೊಣಕಾಲಿಗೆ ಬಾರಿಸಿದ. ಲಟಕ್ಕೆಂದಿತು. ಅಶ್ವಥ್ ಕಿರುಚಿದ್ದನ್ನು ಸ್ಪಂಜು ನುಂಗಿತು. ಅಡ್ಡ ಹೋದ ಭಾನುಪ್ರಿಯಳನ್ನು ಪುಟ್ಟಸ್ವಾಮಿ ದೂಡಿದ. ಅವಳ ಹಣೆ ಮೇಜಿನ ಅಂಚಿಗೆ ಬಡಿದು ಹುಬ್ಬಿನ ಮೇಲೆ ಬಿಸಿ ರಕ್ತ ಇಳಿಯಿತು.

"ಆಟ ಆಡ್ತಿದ್ದೀರಾ ಗಂಡ ಹೆಂಡ್ತಿ? ಮುಂದಿನ ಏಟು ಇವ್ನ ತಲೆಗೇ!"

ಅವಳು ತೆವಳಿಕೊಂಡು ಕಂಪ್ಯೂಟರಿನ ಹಿಂದಕ್ಕೆ ಹೋದಳು. ಪೆಟ್ಟಿಗೆಯ ವೈರನ್ನು ಅಲ್ಲಿನ ಆರು ಕಿಂಡಿಗಳಲ್ಲಿ ಯಾವಾಗಲೂ ಒಂದಕ್ಕೇ ಸಿಗಿಸಬೇಕು. ಬೇರೆಯದಕ್ಕೆ ಸಿಗಿಸಿದರೆ ದೊಡ್ಡ ಪ್ರೋಗ್ರಾಂ ಅದನ್ನು ಯಾರೋ ಹೊಸಬರೆಂದುಕೊಂಡು ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ಸರಿಯಾದ ಕಿಂಡಿಯ ಮೇಲೆ ಉಗುರುಬಣ್ಣದಲ್ಲಿ ಕೆಂಪು ಚುಕ್ಕಿ ಇಟ್ಟಿದ್ದಳು. ಈಗ ನೋಡಿದರೆ ಆರೂ ಕಿಂಡಿಗೆ ಕೆಂಪು! ಭಕ್ತಶಿರೋಮಣಿ ಒಂದನ್ನೂ ಬಿಡದೆ ಕುಂಕುಮ ಇಟ್ಟಿದ್ದ. ಪೂಜೆ ಮಾಡಯ್ಯ ಅಂದರೆ ಮದುವೆಯನ್ನೇ ಮಾಡಿದ್ದಾನಲ್ಲಪ್ಪ ಇವನು ಎಂದು ಆ ಸಂಕಟದಲ್ಲೂ ಅವಳಿಗೆ ರೇಗಿತು.

ಹಣೆಯ ರಕ್ತ ಬೆರಳಿಗೆ ತಾಕಿತ್ತು. ಅದೇ ಬೆರಳಲ್ಲಿ ಒಂದೊಂದೇ ಕಿಂಡಿಯನ್ನು ಉಜ್ಜಿ, ಸೆರಗಿನಿಂದ ಒರೆಸಿದಳು. ಮೊದಲನೆಯದು ಅಳಿಸಿತು, ಎರಡನೆಯದು, ಮೂರನೆಯದೂ ಅಳಿಸಿದವು. ನಾಲ್ಕನೆಯದು ಉಜ್ಜಿದರೂ ಹೋಗಲಿಲ್ಲ. ವೈರನ್ನು ಕಿತ್ತು ಅಲ್ಲಿಗೆ ಸಿಗಿಸಿದಳು. ದೊಡ್ಡದನ್ನು ತೆರೆದು, ಆಮೇಲೆ ಚಿಕ್ಕದನ್ನು ತೆರೆದಳು.

ಏಳನೆಯ ಪದವೇ ತೆರೆದುಕೊಂಡಿತು, ತಮಟೆ ನುಡಿಯಿತು. ಅದರ ಮೇಲೆ ಚಿಕ್ಕಲಕ್ಷ್ಮಮ್ಮನ ದನಿ ಎದ್ದು ಬಂತು, ಒಡೆದಿದ್ದರೂ ಗಟ್ಟಿ ದನಿ. ಪುಟ್ಟಸ್ವಾಮಿಯ ಕೈಯಲ್ಲಿನ ಸ್ಟ್ಯಾಂಡು ಕೆಳಗಿಳಿಯಿತು.

"ಅವ್ವಾ... ನಮ್ಮವ್ವಾ..." ಅವನು ಗೊಳೋ ಎಂದು ಅತ್ತ. "ದೇವ್ರಂಥೋಳು ಕಣಮ್ಮ. ನಾನು ಒಂದಿನಾನೂ ಆವಮ್ಮನ ಮನಸ್ಸು ನೋಯ್ಸ್ದೋನಲ್ಲ!"

ಪದ ಮುಗಿಯುತ್ತ ಬಂತು. ಭಾನುಪ್ರಿಯಳ ಬೆರಳು ನಿಲ್ಲಿಸುವ ಗುಂಡಿಯ ಮೇಲಿತ್ತು. ನೆಲದಲ್ಲಿ ಮೊಣಕಾಲು ಹಿಡಿದು ನರಳುತ್ತಿದ್ದ ಗಂಡನನ್ನು ಒಮ್ಮೆ ನೋಡಿದಳು. ಕ್ಷಮಿಸು ಅಜ್ಜಿ ಎಂದುಕೊಂಡು ಬೆರಳನ್ನು ತೆಗೆದಳು. ಪದ ನಿಂತು ಸ್ಪೀಕರಿನಲ್ಲಿ ಅಜ್ಜಿಯ ಮಾತು ಬಂತು.

"ಸೋಬಾನೆ ಅನ್ನೋ ಕಡೆ ಸುಯ್ ಅಂತದಲ್ವಾ ಮಗಾ? ಮುಂದ್ಲಲ್ಲು ಹೋಗೈತೆ ಕಣವ್ವ. ಕೊಟ್ಗೇಲಿ ಜಾರಿಬಿದ್ದೆ ಅಂತ ನಾನಂದೆನಲ್ಲ, ಸುಳ್ಳು. ನನ್ ಮಗ ಹೊಡ್ದ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಈ ಮಾತ ತೆಗ್ದಾಕ್ಬುಡವ್ವ. ಅವ್ನು ಕೇಳ್ದ್ರೆ ನೊಂದ್ಕತ್ತಾನೆ. ಒಳ್ಳೇನೆ ಅವ್ನು, ಕೈ ಒಸಿ ಮುಂದು, ಅಷ್ಟೆಯ."

ಪುಟ್ಟಸ್ವಾಮಿಯ ಮುಖ ಕಪ್ಪಿಟ್ಟಿತು. ಸ್ಟ್ಯಾಂಡನ್ನು ತಲೆಯ ಮೇಲಕ್ಕೆತ್ತಿ ಕಂಪ್ಯೂಟರಿನತ್ತ ನುಗ್ಗಿದ. ಭಾನುಪ್ರಿಯ ಎದ್ದು ಅಡ್ಡ ನಿಂತಳು.

"ಹೊಡೀರಿ ಗೌಡ್ರೇ. ನಿಮ್ಮವ್ವಂಗೆ ಇನ್ನೊಂದೇಟು ಬಿದ್ದಂಗಾಯ್ತದೆ."

ಎತ್ತಿದ ಕೈ ಎತ್ತಿದಂತೆಯೇ ಎಷ್ಟೋ ಹೊತ್ತು ನಿಂತಿತು. ಕೊನೆಗೆ ಸ್ಟ್ಯಾಂಡು ದೊಪ್ಪೆಂದು ನೆಲಕ್ಕೆ ಬಿತ್ತು. ಅವನು ಗೋಡೆಗೊರಗಿ ಕುಸಿದು ಕುಳಿತ.

"ಇನ್ನೊಂದ್ಸಲ ಹಾಕಮ್ಮ," ಎಂದ.

"ಪದಾನಾ?"

"ಪದ ಅಲ್ಲ. ಆ ಮಾತು."

ಅವಳು ಹಾಕಿದಳು. ಕೈ ಒಸಿ ಮುಂದು ಎಂದು ಅಜ್ಜಿ ಹೇಳುವಾಗ ಪುಟ್ಟಸ್ವಾಮಿ ತನ್ನ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಭಾರ ಬಿಟ್ಟು ಕುಳಿತಿದ್ದ.