ಕೋಲು, ಎಡಗಾಲು, ಬಲಗಾಲು

“ನೂರಿಪ್ಪತ್ತು,” ಎಂದರು ಮಾವ, ಮಂಚದ ಮೇಲೆ ಕೂತಲ್ಲಿಂದಲೇ. “ನಿಮಿಷಕ್ಕೆ ನೂರಿಪ್ಪತ್ತು ಹೆಜ್ಜೆ. ಪರೇಡಿನ ನಡಿಗೆ ಅಂದ್ರೆ ಇದು. ಭೇಷ್, ಅಳಿಯಂದಿರೇ.”

ಅಳಿಯ ಬೆರಗಾದ. ಅವನ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅದೇ ಅಂಕಿ ಇತ್ತು ನಿಜ, ಆದರೆ ಕಂಪ್ಯೂಟರ್ ಇದ್ದದ್ದು ಪಕ್ಕದ ಕೋಣೆಯಲ್ಲಿ. ಮಾವನ ಮುಂದಿದ್ದದ್ದು ಅವನು ಮಾಡಿದ ಹಾಡನ್ನು ನುಡಿಸುತ್ತಿದ್ದ ಅಂಗೈಯಗಲದ ಸ್ಪೀಕರ್ ಮಾತ್ರ. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರ ಕಿವಿ ಅದು. ಮೂರು ತಿಂಗಳ ಹಿಂದೆ ಲಕ್ವ ಹೊಡೆದಾಗ ಎಡಗಡೆಯ ಕೈಕಾಲಿನ ಬಲ ಹೋಗಿತ್ತು, ಕಿವಿಗೆ ಏನೂ ಆಗಿರಲಿಲ್ಲ.

ಹಾಡು ಮಾಡಿ ಎಂದವರು ವಾರಕ್ಕೆ ಮೂರು ದಿನ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಮೇಡಂ. “ತಾಳ ಕೇಳ್ತಾ ನಡೆದ್ರೆ ಕಾಲಿಗೆ ಬೇಗ ದಾರಿ ಸಿಗುತ್ತೆ. ನೀವು ಅದೇ ಕಸುಬಿನವರು. ಇನ್ನೆರಡು ತಿಂಗಳು ಮೇಷ್ಟ್ರು ಎಷ್ಟು ನಡೀತಾರೋ ಅಷ್ಟೇ ನೋಡಿ. ಆಮೇಲೆ ಕಾಲು ನಮ್ಮ ಮಾತು ಕೇಳಲ್ಲ,” ಎಂದಿದ್ದರು.

ಅವನಿಗೇನು, ನೀರು ಕುಡಿದಷ್ಟು ಸುಲಭ. ಜಾಹೀರಾತುಗಳಿಗೆ ಅರ್ಧ ನಿಮಿಷದ ಹಾಡು ಮಾಡುವುದೇ ಅವನ ಹೊಟ್ಟೆಪಾಡು. ಸೋಪಿರಲಿ, ಗೋಡೆಯ ಬಣ್ಣವಿರಲಿ, ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಸಿದ್ಧ. ಕಸುಬಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ‘ದಿಢೀರ್’ ಎಂದು. ಗುಟ್ಟು ಇಷ್ಟೇ, ಅವನ ಸಾಫ್ಟ್‌ವೇರಿನಲ್ಲಿ ಒಂದು ಟೆಂಪ್ಲೇಟ್ ಇತ್ತು. ‘ಹೊಸ ಹಾಡು’ ಎಂದು ಒತ್ತಿದರೆ ಸಾಕು, ಡ್ರಮ್ಮು ಮೊದಲ ಸಾಲಿನಲ್ಲಿ, ಗಿಟಾರು ಎರಡನೆಯದರಲ್ಲಿ, ಹಾಡುವವರ ಸಾಲು ಕೆಳಗೆ, ಎಲ್ಲವೂ ಒಲೆ ಹೊತ್ತಿಸಿ ಎಸರಿಟ್ಟ ಹಾಗೆ ಕಾದಿರುತ್ತಿತ್ತು. ವೇಗ ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು, ತಾಳದ ಎಣಿಕೆ ನಾಲ್ಕು. ಈ ಎರಡು ಅಂಕಿಗಳು ಸಾಫ್ಟ್‌ವೇರ್ ತಂದ ದಿನವೇ ಅದರಲ್ಲಿದ್ದವು, ಹನ್ನೊಂದು ವರ್ಷದಲ್ಲಿ ಅವನು ಮುಟ್ಟಿರಲಿಲ್ಲ. ಓಡುತ್ತಿರುವ ಗಾಡಿಯ ಚಕ್ರವನ್ನು ಯಾರಾದರೂ ಬಿಚ್ಚುತ್ತಾರೆಯೇ?

ಮಾವ ಬಲಗೈಯಲ್ಲಿ ಕೋಲು ಹಿಡಿದು ಎದ್ದರು. ಎದೆ ಸೆಟೆಯಿತು, ಗಲ್ಲ ಮೇಲೆದ್ದಿತು. ಎಡ, ಬಲ, ಎಡ, ಬಲ. ಐದನೆಯ ಹೆಜ್ಜೆಗೆ ಎಡಗಾಲಿನ ಬೆರಳು ನೆಲಕ್ಕೆ ಸಿಕ್ಕಿಕೊಂಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಅಳಿಯ ಓಡಿಬಂದು ತಬ್ಬಿಕೊಂಡ, ಇಬ್ಬರೂ ಮಂಚದ ಪಕ್ಕಕ್ಕೆ ಕುಸಿದರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ಮಾವ ಗೋಡೆಯ ಕಡೆಗೆ ತಿರುಗಿ ಮಲಗಿದವರು ನಾಲ್ಕು ದಿನ ಕೋಲು ಮುಟ್ಟಲಿಲ್ಲ.

ಐದನೆಯ ದಿನ ದಿಢೀರ್ ಅದೇ ಹಾಡಿನ ವೇಗವನ್ನು ಅರ್ಧಕ್ಕಿಳಿಸಿ ತಂದ. ಮಾವ ಸ್ವಲ್ಪ ಹೊತ್ತು ಕೇಳಿದರು.

“ಯಾರು ತೀರ್ಕೊಂಡ್ರು, ಅಳಿಯಂದಿರೇ?”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಡುಗೆಮನೆಗೆ ಹೋದವಳು ಅಲ್ಲಿ ಅತ್ತಳು. “ನಿನ್ನೆ ಬಚ್ಚಲಿಗೆ ಕರ್ಕೊಂಡು ಹೋಗುವಾಗ ಅಪ್ಪ ನನ್ನ ಮುಖ ನೋಡ್ಲಿಲ್ಲ ರೀ,” ಎಂದಳು ಹಿಂದೆಯೇ ಬಂದ ಗಂಡನಿಗೆ. “ಸಾವಿರಾರು ಮಕ್ಕಳನ್ನ ನಡೆಸಿದ ಮನುಷ್ಯ. ಬಚ್ಚಲಿಗಾದ್ರೂ ತಾನೇ ಹೋಗೋ ಹಾಗಾದ್ರೆ ಸಾಕು. ನಾನು ಬೇರೇನೂ ಕೇಳಲ್ಲ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ, ತನ್ನ ಹಾಡು ಒಬ್ಬರಿಗೆ ನಿಜವಾಗಿ ಬೇಕಾಗಿದ್ದಾಗ, ಅದು ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನ ಮೇಡಂ ಬಂದಾಗ ಅವನು ಒಂದು ಮೈಕನ್ನು ನೆಲದ ಮೇಲೆ ಬಟ್ಟೆ ಹಾಸಿ ಇಟ್ಟ. ಮೇಡಂ ಪುಸಲಾಯಿಸಿ ಮಾವನನ್ನು ಎಬ್ಬಿಸಿದರು. “ಪರೇಡ್ ಬೇಡ ಮೇಷ್ಟ್ರೇ, ನಾನು ಹೇಳಿದ ಹಾಗೆ. ಮೊದ್ಲು ಕೋಲು. ಆಮೇಲೆ ಎಡಗಾಲು. ಆಮೇಲೆ ಬಲಗಾಲು.” ಮಾವ ಮುಖ ಗಂಟಿಕ್ಕಿಕೊಂಡೇ ಆರು ಹೆಜ್ಜೆ ಹೋಗಿ ಆರು ಹೆಜ್ಜೆ ಬಂದು, ಸಾಕು ಎಂದು ಕೂತುಬಿಟ್ಟರು.

ಅವನು ಆ ಸದ್ದನ್ನು ಟೆಂಪ್ಲೇಟಿನೊಳಗೆ ಇಳಿಸಿ, ಅದರ ಮೇಲೆ ಡ್ರಮ್ಮು ಕೂರಿಸಲು ಹೊರಟ. ಕೂರಲಿಲ್ಲ. ವೇಗ ಎಷ್ಟೇ ಬದಲಿಸಿದರೂ ಡ್ರಮ್ಮಿನ ದೊಡ್ಡ ಪೆಟ್ಟು ಒಮ್ಮೆ ಕೋಲಿನ ಮೇಲೆ, ಒಮ್ಮೆ ಬಲಗಾಲಿನ ಮೇಲೆ, ಇನ್ನೊಮ್ಮೆ ಎಡಗಾಲಿನ ಮೇಲೆ ಬೀಳುತ್ತಿತ್ತು. ಮಾವನ ನಡಿಗೆಯೇ ಸರಿಯಿಲ್ಲ ಎಂದುಕೊಂಡು ಹೆಜ್ಜೆಗಳ ಸದ್ದನ್ನು ಕತ್ತರಿಸಿ ಪರದೆಯ ಮೇಲಿನ ತಾಳದ ಗೆರೆಗಳಿಗೆ ಎಳೆಯತೊಡಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೆಂಡತಿ ಟೀ ತಂದು ಮೇಜಿನ ಮೇಲಿಟ್ಟಳು. ಹೊರಡಲಿಲ್ಲ. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತ ಕೇಳುತ್ತ ನಿಂತಳು. ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟುತ್ತಿತ್ತು.

“ರೀ, ಅಪ್ಪಂದು ಮೂರೇ ಅಲ್ವಾ?”

“ಏನು ಮೂರು?”

“ಸದ್ದು. ಕೋಲು ಒಂದು, ಕಾಲು ಎರಡು. ನೀವು ಯಾಕೆ ನಾಲ್ಕು ಬಾರಿಸ್ತಿದ್ದೀರಿ?”

ಅವನು ಟೀ ಲೋಟ ಕೆಳಗಿಟ್ಟ. ಪರದೆಯ ಮೂಲೆಯಲ್ಲಿದ್ದ ನಾಲ್ಕನ್ನು, ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದ ಅಪರಿಚಿತನನ್ನು ಕಂಡ ಹಾಗೆ ನೋಡಿದ. “ನಾನೊಬ್ಬ ಪೆದ್ದ,” ಎಂದ.

“ಅದು ನನಗೆ ಗೊತ್ತಿದ್ದದ್ದೇ,” ಎಂದು ಅವಳು ಒಳಗೆ ಹೋದಳು.

ಟೆಂಪ್ಲೇಟನ್ನು ಮುಚ್ಚಿ, ಬರೀ ಖಾಲಿ ಹಾಳೆ ತೆರೆದ. ಒಂದು ಸಾಲೂ ಇಲ್ಲದ ಬೂದು ಬಣ್ಣದ ಪರದೆ. ಹೊಸ ಊರಿನ ಬಸ್‌ ನಿಲ್ದಾಣದಲ್ಲಿ ಇಳಿದವನಂತೆ ಅವನು ಅತ್ತಿತ್ತ ನೋಡಿದ. ಕೊನೆಗೆ ಎಣಿಕೆ ಮೂರು ಎಂದು ಬರೆದ. ವೇಗವನ್ನು ಮಾವನ ಸದ್ದಿನಿಂದಲೇ ಅಳೆದು ಎಪ್ಪತ್ತೆರಡು ಎಂದಿಟ್ಟ. ಕೋಲಿಗೆ ದಪ್ಪ ದನಿಯ ಒಂದು ಡ್ರಮ್ಮು, ಎಡಗಾಲಿಗೆ ಎಳೆದು ನುಡಿಸಿದ ಪಿಟೀಲು, ಬಲಗಾಲಿಗೆ ಚಿಕ್ಕದೊಂದು ಗಂಟೆ. ದಿಢೀರ್ ಎನ್ನಿಸಿಕೊಂಡವನಿಗೆ ಎರಡು ನಿಮಿಷದ ಹಾಡಿಗೆ ಮೂರು ದಿನ ಹಿಡಿಯಿತು. ತಮ್ಮ ಜಾಹೀರಾತಿನ ಹಾಡಿಗೆ ಕಾದಿದ್ದ ಪೇಂಟ್ ಕಂಪನಿಯವರು ಎರಡು ಸಲ ಫೋನ್ ಮಾಡಿ ಬೈದರು, ಬೈಸಿಕೊಂಡ. ಯಾಕೋ ಬೇಜಾರಾಗಲಿಲ್ಲ. ಸಾಫ್ಟ್‌ವೇರ್ ಕಲಿತ ಹೊಸತರಲ್ಲಿ ಮಾತ್ರ ಇಷ್ಟು ಖುಷಿಯಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಹಾಡು ಹಾಕಿದಾಗ ಮಾವ ಗೋಡೆಯ ಕಡೆಗೇ ಮುಖ ಮಾಡಿ ಕೇಳಿದರು. ಮುಗಿಯಿತು. ಇನ್ನೊಮ್ಮೆ ಹಾಕಿ ಎಂದು ಕೈಸನ್ನೆ ಮಾಡಿದರು.

“ಇದು ಡ್ರಿಲ್ ಅಲ್ಲ,” ಎಂದರು ಆಮೇಲೆ.

“ಅಲ್ಲ, ಮಾವ.”

“ಎಡ-ಬಲ ಅಂತ ಕೂಗಿದ್ರೆ ಒಂದು ಉಳಿದುಹೋಗುತ್ತೆ.”

“ಕೋಲನ್ನೂ ಲೆಕ್ಕಕ್ಕೆ ತಗೊಂಡಿದ್ದೀನಿ.”

ಮಾವ ಮೆಲ್ಲಗೆ ಈ ಕಡೆ ಹೊರಳಿದರು. “ಎರಡು ಕಾಲಿನವರನ್ನ ಮೂವತ್ತೊಂದು ವರ್ಷ ನಡೆಸಿದೆ. ಮೂರು ಕಾಲಿನವನಿಗೆ ಯಾರೂ ಡ್ರಿಲ್ ಹೇಳಿಕೊಟ್ಟಿರಲಿಲ್ಲ,” ಎಂದರು. “ಎಲ್ಲಿ, ಆ ಮೂರನೇದನ್ನ ಕೊಡಿ.”

ಕೋಲು, ಎಡಗಾಲು, ಬಲಗಾಲು. ಮೇಡಂ ಕಲಿಸಿದ ಹಾಗೆ ಅಳಿಯ ಎರಡೂ ಕೈ ಚಾಚಿ, ಮಾವನ ಮುಂದೆ ಹಿಂದೆ ಹಿಂದಕ್ಕೆ ನಡೆದ. ಕಿಟಕಿ ದಾಟಿತು, ಬಟ್ಟೆಯ ಕಪಾಟು ದಾಟಿತು. ಎಡಗಾಲು ಪ್ರತಿ ಸಲವೂ ತಡವಾಗಿ ಬರುತ್ತಿತ್ತು, ಪಿಟೀಲು ಅದು ಬರುವವರೆಗೆ ಎಳೆಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬಾಗಿಲ ಹತ್ತಿರ ಬರುವಷ್ಟರಲ್ಲಿ ಹಾಡು ಮುಗಿದುಹೋಯಿತು.

ಮತ್ತೆ ಹಾಕೋಣವೆಂದರೆ ಸ್ಪೀಕರ್ ದೂರದಲ್ಲಿ ಮಂಚದ ಮೇಲಿತ್ತು, ಮಾವನನ್ನು ಬಿಟ್ಟು ಹೋಗುವಂತಿರಲಿಲ್ಲ. ಅಳಿಯ ಚಾಚಿದ ಕೈ ಚಾಚಿಕೊಂಡೇ ಹೊಸ್ತಿಲಲ್ಲಿ ನಿಂತುಬಿಟ್ಟ.

“ಅಳಿಯಂದಿರೇ,” ಎಂದರು ಮಾವ, “ದಾರಿಗೆ ಅಡ್ಡ ನಿಂತಿದ್ದೀರಿ.”

ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಕೋಲು ಹೊಸ್ತಿಲಿನಾಚೆ ಊರಿತು, ಎಡಗಾಲು ಬಂತು, ಬಲಗಾಲು ಬಂತು. ಮಾವ ಅವನ ಕಡೆ ನೋಡದೆ ಬಚ್ಚಲಿನವರೆಗೆ ಹೋಗಿ, ಒಳಗೆ ಸೇರಿ, ಚಿಲಕ ಹಾಕಿಕೊಂಡರು.